ಬಾಯಿ ಬಿಟ್ಟು ಮಾಡಿದ ಲೆಕ್ಕ

ನಮ್ಮ ಮನೆತನದಲ್ಲಿ ಒಂದು ಕಥೆ ಬಹಳ ವರ್ಷಗಳಿಂದ ಚಾಲ್ತಿಯಲ್ಲಿದೆ. ಔರಾದಿನ ಪರೀಕ್ಷಾ ಕೇಂದ್ರದಲ್ಲಿ ನಾನು ಮೇಲ್ವಿಚಾರಕರ ಎದುರು ಎದೆ ಸೆಟೆಸಿ ನಿಂತು, ಕಾನೂನು ಮಾತಾಡಿ, ಅಕ್ಕನಿಗೆ ವರಾಂಡದಲ್ಲಿ ಬೇರೆಯೇ ಒಂದು ಬೆಂಚು ಹಾಕಿಸಿಕೊಟ್ಟೆ ಎಂಬುದು ಆ ಕಥೆ. ಮದುವೆ, ತೊಟ್ಟಿಲು, ಗೃಹಪ್ರವೇಶ ಯಾವುದೇ ಇರಲಿ, ಊಟದ ಪಂಕ್ತಿಯಲ್ಲಿ ಯಾರಾದರೊಬ್ಬರು ಇದನ್ನು ತೆಗೆಯುತ್ತಾರೆ. ಕಳೆದ ತಿಂಗಳು ತಮ್ಮನ ಮೊಮ್ಮಗಳು ಇದನ್ನೇ ಶಾಲೆಯ ಪ್ರಬಂಧವಾಗಿ ಬರೆದು, ಅದರ ಫೋಟೊವನ್ನು ಮನೆಮಂದಿಯ ಮೊಬೈಲ್ ಗುಂಪಿಗೆ ಹಾಕಿದಳು. ಅದರ ಪ್ರಕಾರ ನಾನು ಮೇಜು ಗುದ್ದಿದ್ದೆ. ಅಲ್ಲಿ ಮೇಜು ಇರಲಿಲ್ಲ.

ಯಾರೋ ಹೇಳಿದ್ದನ್ನು ತಾಳೆ ನೋಡದೆ ಒಪ್ಪುವುದು ನನಗೆ ಬಾರದು. ಹೇಳಿದವರು ನನ್ನವರೇ ಆಗಲಿ, ಹೊಗಳಿದ್ದು ನನ್ನನ್ನೇ ಆಗಲಿ. ಆದ್ದರಿಂದ ನಾನು ಕಂಡದ್ದು ಯಾವುದು, ಬೇರೆಯವರಿಂದ ಕೇಳಿದ್ದು ಯಾವುದು ಎಂದು ಬೇರ್ಪಡಿಸಿ, ನೆನಪಿರುವಷ್ಟನ್ನು ಇಲ್ಲಿ ಬರೆದಿಡುತ್ತೇನೆ. ಬೇರೆಯವರ ನೆನಪು ಬೇರೆ ಇದ್ದರೆ ಅವರೂ ಬರೆಯಲಿ.

ಆಗ ನಾವು ಮೂವರೂ ಬೀದರಿನ ಚಿದ್ರಿಯಲ್ಲಿ, ಒಂದೇ ಓಣಿಯಲ್ಲಿದ್ದೆವು. ನನಗೆ ಇಪ್ಪತ್ತಾರು ವರ್ಷ, ಅಕ್ಕನಿಗೆ ಇಪ್ಪತ್ತೊಂಬತ್ತು, ತಮ್ಮನಿಗೆ ಇಪ್ಪತ್ತಮೂರು. ಓಣಿಯ ತಿರುವಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅಕ್ಕ ಮತ್ತು ಅವಳ ಗಂಡ. ಎದುರು ಸಾಲಿನಲ್ಲಿ, ನಾಲ್ಕು ಬಾಗಿಲು ಆಚೆ, ಒಂದೇ ಕೋಣೆಯಲ್ಲಿ ನಾನು ಮತ್ತು ತಮ್ಮ. ನಾನು ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಎಂಟನೆಯ ತರಗತಿಗೆ ಶಾಲೆ ಬಿಟ್ಟವನು, ಕಟ್ಟಲು ಬಂದ ಪುಸ್ತಕಗಳನ್ನು ಕಟ್ಟುವ ಮೊದಲು ಓದಿ ಓದಿ, ಹೊರಗಿನಿಂದ ಪರೀಕ್ಷೆ ಕಟ್ಟಿ ಹತ್ತನೆಯದನ್ನು ಮುಗಿಸಿದ್ದೆ. ಆ ಕಾರಣಕ್ಕೆ ನನಗೆ ಸ್ವಲ್ಪ ಗರ್ವವಿತ್ತು. ಸ್ವಲ್ಪ ಎಂದು ನಾನು ಬರೆಯುತ್ತಿದ್ದೇನೆ. ತಮ್ಮನನ್ನು ಕೇಳಿದರೆ ಬೇರೆ ಅಳತೆ ಹೇಳುತ್ತಾನೆ. ಅವನು ದರ್ಜಿ. ಹಗಲು ಪೇಟೆಯ ಅಂಗಡಿಯಲ್ಲಿ ಹೊಲಿದು, ಸಂಜೆ ನಮ್ಮ ಕೋಣೆಯ ಅರ್ಧವನ್ನು ತನ್ನ ಮಷಿನ್ನಿಗೂ ಕತ್ತರಿಸುವ ಹಲಗೆಗೂ ಕೊಟ್ಟು, ಉಳಿದರ್ಧದಲ್ಲಿ ನನ್ನನ್ನು ಇಟ್ಟಿದ್ದ.

ಚಿದ್ರಿಯಲ್ಲಿ ನಳ ದಿನಾಲೂ ಬರುತ್ತಿರಲಿಲ್ಲ. ನಮ್ಮ ಸಾಲಿಗೆ ಒಂದು ದಿನವಾದರೆ ಅಕ್ಕನ ಸಾಲಿಗೆ ಮರುದಿನ. ಹೀಗಾಗಿ ಯಾರ ಸಾಲಿಗೆ ನೀರು ಬಂದರೂ ಆ ಬೆಳಗ್ಗೆ ಎರಡೂ ಮನೆಯ ಕೊಡಗಳು ಅಲ್ಲಿ ಸಾಲು ನಿಲ್ಲುತ್ತಿದ್ದವು. ಅಕ್ಕ ತನ್ನ ಬಾಗಿಲಲ್ಲಿ ನಿಂತೇ ಕೂಗುತ್ತಿದ್ದಳು.

“ನಳ ಬಂದಾವ. ಏಳ್ರೋ. ಬಿಸಿಲು ಮೈಮ್ಯಾಲ ಬರೂತನ ಮಲಗವರಿಗಿ ಇವತ್ತ ರೊಟ್ಟಿ ಇಲ್ಲ ನೋಡ್ರಿ.”

“ಅಣ್ಣ ಹೋಗ್ತಾನ,” ಎಂದು ತಮ್ಮ ಹೊದಿಕೆಯೊಳಗಿನಿಂದ ಹೇಳುವನು. “ಅಂವ ಓದಿದವ. ಓದಿದವರಿಗಿ ಲಗೂ ಎಚ್ಚರ ಆಗ್ತದ.”

ಅಕ್ಕ ನಮ್ಮಿಬ್ಬರನ್ನೂ ಪುಕ್ಕಟೆ ಸಾಕಿದಳು ಎಂದು ಸಂಬಂಧಿಕರು ಈಗಲೂ ಹೇಳುವುದುಂಟು. ಅದೂ ಪೂರ್ತಿ ಸರಿಯಲ್ಲ. ಅವಳ ರೊಟ್ಟಿ ನಾವು ತಿಂದೆವು, ನಿಜ. ಆದರೆ ಜೋಳ ಬೀಸಿಕೊಂಡು ಬರುವುದು ನನ್ನ ಪಾಲಿಗೆ, ಅವಳ ಕುಪ್ಪಸ, ಪರದೆ, ಚೀಲ ಎಲ್ಲ ಹೊಲಿಯುವುದು ತಮ್ಮನ ಪಾಲಿಗೆ ಬಂದಿತ್ತು. ಸಂಜೆಯಾದರೆ ಅವಳ ಮನೆಯ ಕಟ್ಟೆಯ ಮೇಲೆ ನಾಲ್ವರೂ ಕೂಡುತ್ತಿದ್ದೆವು. ಪುಂಡಿಪಲ್ಯ, ಶೇಂಗಾ ಹಿಂಡಿ, ಕಡಕ್ ರೊಟ್ಟಿ. ರೊಟ್ಟಿ ಮುರಿಯುವ ಸದ್ದು ಓಣಿಯ ಆ ತುದಿಗೆ ಕೇಳುತ್ತದೆ ಎಂದು ನೆರೆಯವರು ನಗುತ್ತಿದ್ದರು. ಅಷ್ಟು ಹತ್ತಿರ ಇದ್ದೂ ಜಗಳವಾಡದ ದಿನವಿಲ್ಲ. ಜಗಳವಾಡಿ ಊಟ ಬಿಟ್ಟ ದಿನವೂ ಇಲ್ಲ.

ಅಕ್ಕನ ಗಂಡನನ್ನು ನಾವು ದಾಜಿ ಎನ್ನುತ್ತಿದ್ದೆವು. ಭಾವನನ್ನು ಹಾಗೆ ಕರೆಯುವುದು ಗಡಿಯ ಮರಾಠಿಯಿಂದ ನಮ್ಮ ಕಡೆಗೆ ಬಂದ ರೂಢಿ. ದಾಜಿ ತೊಗರಿ ಬೇಳೆಯ ಮಿಲ್ಲಿನಲ್ಲಿ ದುಡಿಯುತ್ತಿದ್ದರು. ಸಂಜೆ ಮನೆಗೆ ಬಂದಾಗ ಅವರ ಹುಬ್ಬು, ಮೀಸೆ, ಕಿವಿಯ ಸಂದು ಎಲ್ಲ ಹಳದಿ. ಮಾತು ಕಡಿಮೆ. ಆಡಿದರೆ ಅದು ನನಗೆ ಚುಚ್ಚಲೆಂದೇ.

“ಮಾಸ್ತರ್ ಬಂದ್ರು. ಜಾಗಾ ಕೊಡ್ರಿ,” ಎನ್ನುವರು. ನಾನು ಮಾಸ್ತರನಾಗಿರಲಿಲ್ಲ, ಆಗುವ ಸಂಭವವೂ ಇರಲಿಲ್ಲ.

ಓಣಿಯಲ್ಲೇ ಒಂದು ಅಂಗನವಾಡಿ ಇತ್ತು. ಅಕ್ಕ ಅಲ್ಲಿ ಸಹಾಯಕಿ. ಮಕ್ಕಳನ್ನು ಮನೆಯಿಂದ ಕರೆತರುವುದು, ಉಪ್ಪಿಟ್ಟು ಮಾಡುವುದು, ಮೂಗು ಒರೆಸುವುದು ಅವಳ ಕೆಲಸ. ಹಾಡು ಹೇಳಿಕೊಡುವುದು ಶಿಕ್ಷಕಿಯ ಕೆಲಸವಾದರೂ ಮಕ್ಕಳು ಹಾಡುತ್ತಿದ್ದುದು ಅಕ್ಕ ಒಲೆಯ ಮುಂದೆ ಗುನುಗುತ್ತಿದ್ದ ಹಾಡುಗಳನ್ನು. ಆ ಶಿಕ್ಷಕಿ ಊರು ಬಿಡುವವರಿದ್ದರು. ಅವರ ಜಾಗಕ್ಕೆ ಅಕ್ಕನ ಹೆಸರನ್ನೇ ಹೇಳುತ್ತೇನೆ, ಆದರೆ ಹತ್ತನೆಯದು ಪಾಸಾಗಿರಬೇಕು ಎಂದು ಮೇಲಿನ ಅಧಿಕಾರಿ ತಿಳಿಸಿ ಹೋಗಿದ್ದರು. ಅಕ್ಕ ಹಿಂದಿನ ವರ್ಷವೇ ಹೊರಗಿನಿಂದ ಕಟ್ಟಿ, ಉಳಿದೆಲ್ಲ ವಿಷಯದಲ್ಲಿ ತೇರ್ಗಡೆಯಾಗಿ, ಗಣಿತದಲ್ಲಿ ಮಾತ್ರ ನಪಾಸಾಗಿದ್ದಳು.

ದಾಜಿಗೂ ಒಂದು ಒತ್ತಾಯವಿತ್ತು. ಅವರ ಊರು ಔರಾದ ತಾಲ್ಲೂಕಿನ ಠಾಣಾ ಕುಶನೂರ. ಅಲ್ಲಿ ಅವರ ತಂದೆಗೆ ಹೊಲವಿತ್ತು, ಕೈ ಸಾಲುತ್ತಿರಲಿಲ್ಲ. ಬಂದುಬಿಡು ಎಂದು ಬಸ್ಸಿನಲ್ಲಿ ಬರುವವರ ಬಳಿಯೆಲ್ಲ ಹೇಳಿ ಕಳಿಸುತ್ತಿದ್ದರು. ಒಂದು ಸಂಜೆ ಕಟ್ಟೆಯ ಮೇಲೆ ಕುಳಿತು, ಕೈಯಲ್ಲಿನ ರೊಟ್ಟಿಯನ್ನು ನೋಡುತ್ತಲೇ ದಾಜಿ ಮಾತು ಮುಗಿಸಿದರು.

“ಈ ಸಲ ಪಾಸಾದ್ರ ಇಲ್ಲೇ ಇರೂದು. ಆಗಲಿಲ್ಲಂದ್ರ ಮಳಿಗಾಲಕ್ಕ ಕುಶನೂರಿಗಿ ಹೋಗೂದು. ಅಪ್ಪಗ ಮಾತು ಕೊಟ್ಟೀನಿ.”

ಅಕ್ಕ ಎದ್ದು ಒಳಗೆ ಹೋಗಿ ಇನ್ನೊಂದು ರೊಟ್ಟಿ ತಂದು ಅವರ ತಾಟಿಗೆ ಹಾಕಿದಳು. ಕುಶನೂರ ದೂರದ ದೇಶವಲ್ಲ. ಆದರೂ ಬಾಗಿಲಲ್ಲಿ ನಿಂತು ಕೂಗಿದರೆ ಕೇಳಿಸುವ ಜಾಗ ಅದಾಗಿರಲಿಲ್ಲ. ಮರುದಿನದಿಂದ ನಾನು ಅಕ್ಕನಿಗೆ ಗಣಿತ ಕಲಿಸತೊಡಗಿದೆ. ನನ್ನನ್ನು ಯಾರೂ ಕರೆದಿರಲಿಲ್ಲ.

ಮೊದಲ ವಾರವೇ ಅವಳ ರೋಗ ನನಗೆ ಗೊತ್ತಾಯಿತು ಎಂದುಕೊಂಡೆ. ಅವಳಿಗೆ ಉತ್ತರ ಬರುತ್ತಿತ್ತು, ದಾರಿ ಬರುತ್ತಿರಲಿಲ್ಲ. ಹನ್ನೆರಡೂವರೆ ಮೀಟರು ಉದ್ದ, ಮೂರೂಮುಕ್ಕಾಲು ಮೀಟರು ಅಗಲದ ಜಾಗದ ಕ್ಷೇತ್ರಫಲ ಎಷ್ಟು ಎಂದು ಕೇಳಿದರೆ, ನಾನು ಭಿನ್ನರಾಶಿ ಬರೆದು ಗುಣಿಸಿ ಭಾಗಿಸುವುದರೊಳಗೆ ಅವಳ ತುಟಿ ಅಲುಗಾಡಿ, ಕಾಗದದ ಮೇಲೆ ಒಂದೇ ಸಾಲು ಬೀಳುತ್ತಿತ್ತು: ನಲವತ್ತಾರು, ಎಂಟರಲ್ಲಿ ಏಳು. ಸರಿಯಾದ ಉತ್ತರ. ಹಂತ ಒಂದೂ ಇಲ್ಲ. ಹಿಂದಿನ ವರ್ಷ ಅವಳ ಉತ್ತರ ಪತ್ರಿಕೆಯೆಲ್ಲ ಹೀಗೇ ಇತ್ತಂತೆ. ನೋಡಿ ಬರೆದಿದ್ದಾಳೆ ಎಂದು ಯಾರಾದರೂ ತಿಳಿದರೆ ಅವರನ್ನು ದೂರುವಂತಿರಲಿಲ್ಲ.

ಅವಳ ತುಟಿ ಏಕೆ ಅಲುಗಾಡುತ್ತಿತ್ತು ಎಂಬುದು ನನಗೆ ತಿಳಿದಿತ್ತು. ನಾವು ಹುಟ್ಟಿ ಬೆಳೆದದ್ದು ಭಾಲ್ಕಿಯಲ್ಲಿ. ಅಪ್ಪ ಅಲ್ಲಿನ ದವಸದ ಪೇಟೆಯಲ್ಲಿ ತಕ್ಕಡಿ ಹಿಡಿಯುವವರು. ಅಪ್ಪ ಕಲಿತದ್ದು ಹಳೆಯ ಕಾಲದ ಭಿನ್ನದ ಮಗ್ಗಿಗಳನ್ನು, ಅದೂ ಮರಾಠಿಯಲ್ಲಿ. ಕಾಲಿನ ಮಗ್ಗಿಗೆ ಪಾವಕಿ, ಅರ್ಧದ ಮಗ್ಗಿಗೆ ನಿಮಕಿ, ಮುಕ್ಕಾಲಿಗೆ ಪಾವುಣಕಿ, ಒಂದೂವರೆಗೆ ದೀಡಕಿ, ಎರಡೂವರೆಗೆ ಅಡೀಚಕಿ. ಚೀಲ ಏರಿಸುತ್ತ, ಇಳಿಸುತ್ತ, ಅವನ್ನು ರಾಗವಾಗಿ ಹೇಳುತ್ತಿದ್ದರು. ಗಂಡುಮಕ್ಕಳಾದ ನಾವಿಬ್ಬರೂ ಶಾಲೆಯ ಮಗ್ಗಿ ಕಲಿತೆವು. ಅಪ್ಪನಿಗೆ ಬುತ್ತಿ ಒಯ್ಯುತ್ತಿದ್ದ ಅಕ್ಕ ತಕ್ಕಡಿಯ ಪಕ್ಕ ಕುಳಿತು ಅಪ್ಪನ ಮಗ್ಗಿ ಕಲಿತಳು. ಅವಳಿಗೆ ಅದು ಬಾಯಲ್ಲಿದ್ದ ವಿದ್ಯೆ. ಬಾಯಿ ಮುಚ್ಚಿದರೆ ಲೆಕ್ಕವೂ ನಿಲ್ಲುತ್ತಿತ್ತು.

ಇದಕ್ಕೆ ನಾನು ಕಂಡುಹಿಡಿದ ಔಷಧವನ್ನು ಹೇಳಲು ಈಗ ನಾಚಿಕೆಯಾಗುತ್ತದೆ. ಗುನುಗುವುದನ್ನು ಬಿಡಿಸಿದರೆ ಪುಸ್ತಕದ ದಾರಿ ತಾನೇ ಬರುತ್ತದೆ ಎಂದು ನಂಬಿ, ಓದಲು ಕೂತಾಗಲೆಲ್ಲ ಅವಳ ಬಾಯಿಗೆ ಒಂದು ಲವಂಗ ಹಾಕಿ, ಹಲ್ಲಲ್ಲಿ ಕಚ್ಚಿ ಹಿಡಿ, ಬಿಡಬೇಡ ಎಂದೆ.

“ಹಲ್ಲುನೋವೇನ?” ಎಂದು ದಾಜಿ ಮೊದಲ ದಿನ ಕೇಳಿದರು.

ಅಕ್ಕ ತಲೆಯಾಡಿಸಿ ನನ್ನ ಕಡೆ ಬೆರಳು ತೋರಿಸಿದಳು.

“ಮಾಸ್ತರ್ ಬಾಯಿ ಮುಚ್ಚಿಸ್ಯಾರ? ನನಗ ಮೂರು ವರ್ಷ ಆಗಿಲ್ಲ ನೋಡು ಈ ಕೆಲಸ.”

ಲವಂಗ ಉಗಿಯದೆಯೇ ಅಕ್ಕ ಅವರ ಮೇಲೆ ಲಟ್ಟಣಿಗೆ ಎತ್ತಿದಳು.

ಒಂದು ತಿಂಗಳು ಲವಂಗ ನಡೆಯಿತು. ಪರಿಣಾಮವೇನೆಂದರೆ, ಅವಳಿಗೆ ಪುಸ್ತಕದ ದಾರಿ ಬರಲಿಲ್ಲ, ಬರುತ್ತಿದ್ದ ಉತ್ತರವೂ ಹೋಯಿತು. ಮುನ್ನೂರ ಎಪ್ಪತ್ತೈದು ಬರೆಯುವಲ್ಲಿ ಮುನ್ನೂರ ಐವತ್ತೇಳು ಬರೆದಳು. ಛೇದ ಮೇಲೆ ಹೋಯಿತು, ಅಂಶ ಕೆಳಗೆ ಬಂತು. ನಾನು ಧ್ವನಿ ಏರಿಸಿದೆ. ಅವಳು ಪುಸ್ತಕ ಮುಚ್ಚಿಟ್ಟು ಹಿಟ್ಟು ನಾದಲು ಹೋದಳು. ಪರೀಕ್ಷೆಗೆ ಇನ್ನು ಮೂರೇ ವಾರ ಉಳಿದಿತ್ತು. ನಮ್ಮ ಮನೆತನದ ಕಥೆಯಲ್ಲಿ ಈ ತಿಂಗಳು ಎಲ್ಲೂ ಬರುವುದಿಲ್ಲ. ನಾನೇ ಕಲಿಸಿ ಸಿದ್ಧ ಮಾಡಿದೆ ಎಂಬ ಒಂದು ವಾಕ್ಯದಲ್ಲಿ ಅದು ಮುಚ್ಚಿಹೋಗಿದೆ.

ಕೆಲಸ ಸುಧಾರಿಸಿದವನು ತಮ್ಮ. ಅದೂ ಸುಧಾರಿಸಬೇಕೆಂದು ಹೊರಟು ಅಲ್ಲ. ಒಂದು ಸಂಜೆ ಅಕ್ಕ ನಮ್ಮ ಕೋಣೆಗೆ ಬಂದು, ಅಂಗನವಾಡಿಯ ಕಿಟಕಿಗಳಿಗೆ ಪರದೆ ಬೇಕು ಎಂದು ಬಟ್ಟೆಯ ಅಳತೆ ಹೇಳುತ್ತಿದ್ದಳು. ಲವಂಗ ಇರಲಿಲ್ಲ. ಕಿಟಕಿಗೆ ಇಷ್ಟು, ಮಡಿಕೆಗೆ ಇಷ್ಟು, ಇಂಥವು ಮೂರೂಮುಕ್ಕಾಲು ತುಂಡು ಎಂದು ಅವಳು ಗುನುಗುತ್ತಿದ್ದಂತೆ ತಮ್ಮ ಬಟ್ಟೆಯ ಮೇಲೆ ಗುರುತು ಹಾಕುವ ಸೀಮೆಸುಣ್ಣದಿಂದ ಹಲಗೆಯ ಮೇಲೆ ಬರೆದುಕೊಳ್ಳುತ್ತಿದ್ದ. ಆಮೇಲೆ ತಲೆ ಎತ್ತದೆ ಹೇಳಿದ.

“ಅಕ್ಕಾ, ಆ ಜಾಗಾದ ಲೆಕ್ಕ ಹೇಳು. ಹನ್ನೆರಡೂವರಿ ಮೂರೂಮುಕ್ಕಾಲು. ಬಾಯಿ ಬಿಟ್ಟು ಹೇಳು, ಜರಾ ಸಾವಕಾಶ.”

“ನಾಲ್ಕು ಸಲ ಹಾಕಿದ್ರ ಐವತ್ತು,” ಎಂದಳು ಅಕ್ಕ. “ಪಾವು ಜಾಸ್ತಿ ಆತಲ್ಲ, ಅದು ತೆಗಿ. ಹನ್ನೆರಡೂವರಿದು ಪಾವು ಅಂದ್ರ ಮೂರು, ಮ್ಯಾಲ ಅರ್ಧಪಾವು. ಐವತ್ತರಾಗ ಅದು ಹೋದ್ರ ನಲವತ್ತೇಳಕ್ಕ ಅರ್ಧಪಾವು ಕಮ್ಮಿ.”

ತಮ್ಮ ಹಲಗೆಯನ್ನು ನನ್ನ ಕಡೆ ತಿರುಗಿಸಿದ. ಮೂರು ಸಾಲು. ಮೊದಲನೆಯದು ಹನ್ನೆರಡೂವರೆಯನ್ನು ನಾಲ್ಕರಿಂದ ಗುಣಿಸಿದ್ದು. ಎರಡನೆಯದು ಅದನ್ನೇ ಕಾಲಿನಿಂದ, ಎಂದರೆ ಅವಳ ಪಾವಿನಿಂದ, ಗುಣಿಸಿದ್ದು. ಮೂರನೆಯದು ಮೊದಲಿನದರಲ್ಲಿ ಎರಡನೆಯದನ್ನು ಕಳೆದದ್ದು: ಅದೇ ನಲವತ್ತಾರು, ಎಂಟರಲ್ಲಿ ಏಳು.

“ಇವು ಹಂತ ಅಲ್ಲೇನಣ್ಣಾ? ಆಕಿ ಬಾಯಾಗ ಹಂತ ಅವ. ನೀ ಬಾಯಿಗೇ ಬೀಗ ಹಾಕಿದಿ.”

ನಾನು ಒಪ್ಪಿದೆನೇ? ಇಲ್ಲ. ಪುಸ್ತಕದಲ್ಲಿರುವ ದಾರಿ ಇದಲ್ಲ ಎಂದೆ. ಇದಕ್ಕೆ ಅಂಕ ಕೊಡುವುದಿಲ್ಲ ಎಂದೆ. ಯಾರು ಹೇಳಿದರು ಎಂದು ತಮ್ಮ ಕೇಳಿದ. ಮಾತು ಮಾತಿಗೆ ಯಾರು ಹೇಳಿದರು ಎಂದು ಊರಿಗೆಲ್ಲ ಕೇಳುತ್ತ ತಿರುಗುತ್ತಿದ್ದವನು ನಾನು. ಆ ಪ್ರಶ್ನೆಯನ್ನು ನನ್ನ ಕಡೆಗೇ ತಿರುಗಿಸಿದ್ದು ಮೊದಲು ತಮ್ಮನೇ ಇರಬೇಕು. ಎರಡು ದಿನ ಪುಸ್ತಕವನ್ನೆಲ್ಲ ಹುಡುಕಿದೆ. ಬೇರೆ ದಾರಿಯಲ್ಲಿ ಮಾಡಬಾರದು ಎಂದು ಎಲ್ಲೂ ಬರೆದಿರಲಿಲ್ಲ. ಅಷ್ಟಕ್ಕೂ ಸಮಾಧಾನವಾಗದೆ, ಭಾನುವಾರ ಬಸ್ಸು ಹಿಡಿದು ಭಾಲ್ಕಿಗೆ ಹೋಗಿ, ಈ ಮಗ್ಗಿಗಳು ಎಲ್ಲಾದರೂ ತಪ್ಪುತ್ತವೆಯೇ ಎಂದು ಅಪ್ಪನನ್ನೇ ಕೇಳಿದೆ.

ಅಪ್ಪ ಹಗ್ಗದ ಹೊರಸಿನ ಮೇಲೆ ಕಾಲು ಮಡಚಿ ಕುಳಿತಿದ್ದರು. “ಪ್ಯಾಟ್ಯಾಗ ನಾಲ್ಕು ಮಂದಿ ಎದುರಿಗಿ ಒದರಿ ಹೇಳ್ತಿದ್ದಿವೋ,” ಎಂದರು. “ತಪ್ಪಿದ್ರ ಬಿಡ್ತಿದ್ರೇನ? ಚೀಲದವ ಒಂದ್ಕಡಿ, ಕೊಳ್ಳವ ಒಂದ್ಕಡಿ. ನಿನ್ನ ಪುಸ್ತಕ ಬರದವಗ ಹಂಗ ಯಾರರ ಹಿಡ್ದು ಕೇಳ್ಯಾರೇನ?”

ಆದರೂ ಆ ರಾತ್ರಿ ಊಟಕ್ಕೆ ಮೊದಲು ನಲವತ್ತು ಲೆಕ್ಕ ಹಾಕಿ, ಅವರ ಬಾಯಿಯ ಉತ್ತರವನ್ನು ನನ್ನ ಭಿನ್ನರಾಶಿಯೊಂದಿಗೆ ಹೋಲಿಸಿದೆ. ಮೂವತ್ತೊಂಬತ್ತು ಕೂಡಿದವು. ಒಂದು ಕೂಡಲಿಲ್ಲ. ತಪ್ಪಿದ್ದು ನಾನು.

ಅಲ್ಲಿಂದ ಮುಂದಿನ ಎರಡು ವಾರ ನಮ್ಮ ಮೂವರ ಬಾಳಿನಲ್ಲಿ ಬಹಳ ಗೆಲುವಿನ ಕಾಲ. ಲವಂಗದ ಡಬ್ಬಿ ಅಡುಗೆಗೆ ಮರಳಿತು. ಅಕ್ಕ ರೊಟ್ಟಿ ಬಡಿಯುತ್ತ ಬಾಯಲ್ಲಿ ಲೆಕ್ಕ ಹೇಳುವಳು. ತಮ್ಮ ಅದನ್ನು ಹಾಗೆಯೇ ಹಲಗೆಯ ಮೇಲೆ ಬರೆಯುವನು. ನಾನು ಅದನ್ನು ಪರೀಕ್ಷೆಯ ಭಾಷೆಗೆ ತರುವೆನು. ನಾಲ್ಕು ದಿನದಲ್ಲಿ ಬಾಯಿ ಹೇಳಿದ್ದನ್ನು ಅವಳ ಕೈಯೇ ಬರೆಯತೊಡಗಿತು. ಬೀಜಗಣಿತ ಬಂದಾಗ ಅವಳು ತಾನೇ ಒಂದು ಉಪಾಯ ಹುಡುಕಿಕೊಂಡಳು. ಎಕ್ಸ್ ಎಂದರೆ ಬಾಯಿ ಕಟ್ಟಿದ ಚೀಲ. ಒಳಗೆ ಎಷ್ಟಿದೆ ಗೊತ್ತಿಲ್ಲ. ತಕ್ಕಡಿಯ ಆ ಕಡೆ, ಈ ಕಡೆ ಸಮ ಇಟ್ಟುಕೊಂಡು, ಎರಡೂ ಕಡೆಯಿಂದ ಒಂದೇ ತೂಕ ಇಳಿಸುತ್ತ ಬಂದರೆ ಕೊನೆಗೆ ಚೀಲ ಒಂದೇ ಉಳಿಯುತ್ತದೆ.

“ಇದಕ್ಯಾಕ ಇಷ್ಟು ಗದ್ದಲ ಮಾಡ್ತಾರ? ಚೀಲ ಅಂತ ಬರದಿದ್ರ ನಾ ಹೋದ ವರ್ಷನೇ ಮಾಡ್ತಿದ್ದೆ,” ಎಂದಳು.

ದಾಜಿ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡು ಇರುತ್ತಿದ್ದರು. ನಿದ್ದೆ ಎಂದೇ ನಾವು ತಿಳಿದಿದ್ದೆವು. ಒಂದು ಸಂಜೆ ಅಕ್ಕ ಹದಿಮೂರರ ದೀಡಕಿಯಲ್ಲಿ ತಡವರಿಸಿದಾಗ, ಕಣ್ಣು ತೆರೆಯದೆಯೇ ಅವರು ಹೇಳಿದರು: “ಹತ್ತೊಂಬತ್ತೂವರಿ.” ನಾವು ಮೂವರೂ ತಿರುಗಿ ನೋಡಿದೆವು. “ದಿನಾ ಅದೇ ಕೇಳಿ ಕೇಳಿ ಕಿವಿ ತೂತಾಗ್ಯಾವ,” ಎಂದು ಅವರು ಮಗ್ಗುಲು ಬದಲಿಸಿದರು.

ಪರೀಕ್ಷಾ ಕೇಂದ್ರ ಔರಾದಿನಲ್ಲಿತ್ತು. ಮೊದಲ ಸಲ ಅರ್ಜಿ ತುಂಬುವಾಗ ಅಕ್ಕ ಕುಶನೂರಿನ ವಿಳಾಸ ಕೊಟ್ಟಿದ್ದಳು. ಬೆಳಗಿನ ಮೊದಲ ಬಸ್ಸಿಗೆ ನಾವು ಮೂವರು ಹೊರಟೆವು. ದಾಜಿಗೆ ಮಿಲ್ಲಿನಲ್ಲಿ ರಜೆ ಇರಲಿಲ್ಲ. ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕುಳಿತು ಗುನುಗುತ್ತ ಬಂದಳು. ಎದುರಿನ ಸೀಟಿನ ಮುದುಕಿ ಅದನ್ನು ಜಪವೆಂದು ತಿಳಿದು ಕೈ ಮುಗಿದಳು.

ಶಾಲೆಯ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಾನೂ ತಮ್ಮನೂ ನಿಂತೆವು. ಅಲ್ಲಿಂದ ಅಕ್ಕನ ಕೋಣೆಯ ಕಿಟಕಿ ಕಾಣುತ್ತಿತ್ತು. ಗಂಟೆ ಹೊಡೆದು ಕಾಲು ಗಂಟೆಯೂ ಆಗಿರಲಿಲ್ಲ, ಒಳಗಿನಿಂದ ಗಡಸು ದನಿಯೊಂದು ಕೇಳಿತು.

“ಯಾರದು ಒದರ್ಲತ್ತಿದ್ದು? ನೀವೇನ್ರಿ? ಏನ್ ಹೇಳ್ಲತ್ತೀರಿ, ಯಾರಿಗಿ ಹೇಳ್ಲತ್ತೀರಿ?”

ಆಗ ನಮಗೆ ಹೊಳೆಯಿತು. ಬಾಯಿ ಹೇಳಬೇಕು, ಕೈ ಬರೆಯಬೇಕು ಎಂದು ಹದಿನೈದು ದಿನ ತಿದ್ದಿ ತೀಡಿದ ನಮ್ಮಲ್ಲಿ ಒಬ್ಬರಿಗೂ, ಪರೀಕ್ಷೆಯ ಕೋಣೆಯಲ್ಲಿ ಬಾಯಿ ಬಿಡುವಂತಿಲ್ಲ ಎಂಬುದು ನೆನಪಾಗಿರಲಿಲ್ಲ. ತಕ್ಕಡಿಯವರ ಮಕ್ಕಳೇ ಮಾಡಬಹುದಾದ ತಪ್ಪು.

ಮನೆತನದ ಕಥೆಯಲ್ಲಿ ನಾನು ಪ್ರವೇಶಿಸುವುದು ಇಲ್ಲಿ. ಪ್ರವೇಶಿಸಿದ್ದು ನಿಜ. ಗೇಟಿನ ಜವಾನ ತಡೆದರೂ ಒಳಗೆ ನುಗ್ಗಿ, ಕಿಟಕಿಯ ಹತ್ತಿರ ಹೋಗಿ, “ಸರ್, ನಮ್ಮಕ್ಕ ನಕಲ ಮಾಡವಳಲ್ರಿ. ಆಕಿ ಲೆಕ್ಕ ಹಂಗೇ ಮಾಡ್ತಾಳ,” ಎಂದೆ. ಮೇಲ್ವಿಚಾರಕರು ನನ್ನನ್ನು ನೋಡಿದರು. ನನ್ನ ಹಿಂದೆ ಬಂದ ತಮ್ಮನನ್ನು ನೋಡಿದರು. ತಮ್ಮನ ಕೈಯಲ್ಲಿ, ಯಾವ ಬುದ್ಧಿಗೋ, ಒಂದು ಸೀಮೆಸುಣ್ಣದ ತುಂಡಿತ್ತು. ಒಳಗೆ ಒಬ್ಬಾಕೆ ಗಟ್ಟಿಯಾಗಿ ಅಂಕಿಗಳನ್ನು ಹೇಳುತ್ತಿದ್ದಾಳೆ, ಕಿಟಕಿಯ ಹೊರಗೆ ಇಬ್ಬರು ಗಂಡಸರು ಬರೆಯಲು ಸಿದ್ಧರಾಗಿ ನಿಂತಿದ್ದಾರೆ. ಅವರ ಜಾಗದಲ್ಲಿ ನಾನಿದ್ದರೂ ಬೇರೆ ಏನೂ ಯೋಚಿಸುತ್ತಿರಲಿಲ್ಲ.

“ನೀವು ಹೊರಗ ನಡ್ರಿ. ಮತ್ತ ಒಂದು ಮಾತು ಆಡಿದ್ರ ಈಕಿ ಪೇಪರ್ ಕಸ್ಕೊಂತೇನಿ,” ಎಂದರು. ಜವಾನ ನನ್ನ ರಟ್ಟೆ ಹಿಡಿದು ಗೇಟಿನ ಹೊರಗೆ ಬಿಟ್ಟ. ನನ್ನ ಪಾತ್ರ ಅಷ್ಟೇ. ಅಲ್ಲಿಯವರೆಗೆ ಅಕ್ಕನ ಮೇಲೆ ಗುನುಗಿದ ಆರೋಪ ಮಾತ್ರ ಇತ್ತು. ನಾನು ಹೋಗಿ ಅದನ್ನು ನಕಲಿನ ಅನುಮಾನವಾಗಿ ಮಾಡಿ ಬಂದೆ. ತಮ್ಮ ಸೀಮೆಸುಣ್ಣವನ್ನು ಬೇವಿನ ಬುಡಕ್ಕೆ ಎಸೆದು, ನನ್ನ ಮುಖ ನೋಡದೆ ನಿಂತ. ಅಕ್ಕನ ಪತ್ರಿಕೆ ಹೋದರೆ ಕುಶನೂರೇ ಗತಿ, ಅದು ನನ್ನ ಕೈಯಿಂದಲೇ ಆಗುತ್ತದೆ ಎಂದು ಇಬ್ಬರಿಗೂ ತಿಳಿದಿತ್ತು.

ಮುಂದಿನದು ನಾನು ಕಂಡದ್ದಲ್ಲ, ಅಕ್ಕ ಹೇಳಿದ್ದು. ಜವಾನನನ್ನೂ ಆಮೇಲೆ ಬೇರೆಯಾಗಿ ಕೇಳಿದೆ. ಇಬ್ಬರ ಮಾತೂ ಕೂಡಿದ್ದರಿಂದ ಬರೆಯುತ್ತಿದ್ದೇನೆ. ಅಕ್ಕ ಎದ್ದು ನಿಂತು, “ಸರ್, ನನಗ ಬಾಯಿ ಬಿಡದ ಲೆಕ್ಕ ಬರಂಗಿಲ್ರಿ. ಅನುಮಾನ ಇದ್ರ ನೀವೇ ಒಂದು ಕೇಳ್ರಿ,” ಎಂದಳಂತೆ. ಆ ಮೇಲ್ವಿಚಾರಕರು ನಿವೃತ್ತಿಗೆ ಹತ್ತಿರವಿದ್ದ ಮಾಸ್ತರು. ಆಕೆಯನ್ನು ವರಾಂಡಕ್ಕೆ ಕರೆದು, ದೀಡಕಿಯಲ್ಲಿ ಹದಿನೇಳು ಎಷ್ಟು ಎಂದು ಕೇಳಿದರಂತೆ.

“ಸತ್ರಾ ದೀಡೇ ಸಾಡೇಪಂಚವೀಸ,” ಎಂದಳು ಅಕ್ಕ. ಇಪ್ಪತ್ತೈದೂವರೆ. ನಿಲ್ಲಿಸಲು ಬಾರದೆ ಮುಂದುವರಿದಳು. “ಅಠರಾ ದೀಡೇ ಸತ್ತಾವೀಸ.” ಹದಿನೆಂಟಕ್ಕೆ ಇಪ್ಪತ್ತೇಳು.

ಹತ್ತೊಂಬತ್ತರ ಸಾಲನ್ನು ಹೇಳಿದವರು ಮಾಸ್ತರು. ಅವರೂ ಗಡಿಯ ಕಡೆಯವರು. ಚಿಕ್ಕಂದಿನಲ್ಲಿ ಬೆತ್ತದ ಏಟು ತಿಂದು ಅದೇ ಮಗ್ಗಿ ಕಲಿತಿದ್ದರು. ಇಪ್ಪತ್ತರ ಸಾಲನ್ನು ಇಬ್ಬರೂ ಕೂಡಿ ಮುಗಿಸಿದರಂತೆ. “ಎಷ್ಟು ವರ್ಷ ಆಗಿತ್ತು ತಾಯಿ ಇದು ಕೇಳಿ,” ಎಂದು ಹೇಳಿ, ಜವಾನನಿಂದ ವರಾಂಡದ ತುದಿಗೆ, ನೀರಿನ ಕೊಡದ ಪಕ್ಕ, ಒಂದು ಬೆಂಚು ಹಾಕಿಸಿ, ಕಳೆದ ಹೊತ್ತನ್ನು ಬರೆದುಕೊಂಡು ಅಷ್ಟು ನಿಮಿಷ ಕೊನೆಗೆ ಹೆಚ್ಚು ಕೊಟ್ಟರು. ಒಂದೇ ಷರತ್ತು ಹಾಕಿದರು: ಆ ಇಬ್ಬರು ತಮ್ಮಂದಿರು ರಸ್ತೆಯ ಆಚೆ ಹೋಗಬೇಕು.

ನಾವು ಚಹಾದ ಅಂಗಡಿಗೆ ಹೋದೆವು. ಅಲ್ಲಿಗೆ ಅಕ್ಕನ ದನಿ ಕೇಳುತ್ತಿರಲಿಲ್ಲ. ತುಟಿ ಅಲುಗಾಡುವುದು ಮಾತ್ರ ದೂರದಿಂದ ಕಾಣುತ್ತಿತ್ತು. ತಮ್ಮ ಎರಡು ಚಹಾ ಹೇಳಿ ನನ್ನ ಕಡೆ ತಿರುಗಿದ.

“ಅಣ್ಣಾ, ಇನ್ನೊಂದು ಲವಂಗ ಇತ್ತೇನ? ನಿನ್ನ ಬಾಯಿಗಿ ಹಾಕಬೇಕಾಗಿತ್ತು.”

ಇಬ್ಬರೂ ನಕ್ಕೆವು. ಅಂಗಡಿಯವನು ಏನೆಂದು ಕೇಳಿದ, ಹೇಳಲಾಗದಷ್ಟು ನಕ್ಕೆವು.

ಹೊರಗೆ ಬಂದ ಅಕ್ಕ ಹೇಗಾಯಿತು ಎಂದು ಹೇಳಲಿಲ್ಲ. “ಬಾಯಿ ಒಣಗ್ಯದ, ಮೊದಲ ಚಾ ಕೊಡಿಸ್ರಿ,” ಎಂದಳು. ಎಷ್ಟು ಕೇಳಿದರೂ ಅವಳ ಉತ್ತರ ಒಂದೇ: “ಬಾಯಿಗಿ ಬಂದದ್ದೆಲ್ಲ ಬರದೀನಿ.”

ಬೇಸಿಗೆ ಕಳೆಯಿತು. ಮೊದಲ ಮಳೆ ಬಿದ್ದಾಗ ದಾಜಿ ಮಿಲ್ಲಿಗೆ ಒಂದು ವಾರ ರಜೆ ಹಾಕಿ, ನಾಲ್ಕು ದಿನಕ್ಕೆಂದು ತೊಗರಿ ಬಿತ್ತಲು ಕುಶನೂರಿಗೆ ಹೋದರು. ಫಲಿತಾಂಶದ ಪಟ್ಟಿಯನ್ನು ಆ ವಾರವೇ ಔರಾದಿನ ಶಾಲೆಯಲ್ಲಿ ಹಚ್ಚುವವರಿದ್ದರು. ಬರುವಾಗ ನೋಡಿಕೊಂಡು ಬರುತ್ತೇನೆ ಎಂದಷ್ಟೇ ಹೇಳಿ ಹೋದರು. ಅಕ್ಕ ಆ ನಾಲ್ಕು ದಿನ ಹಿತ್ತಾಳೆಯ ಪಾತ್ರೆಗಳನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಕಟ್ಟಿಕೊಂಡು ಹೋಗಲೋ, ಇಲ್ಲೇ ಇಟ್ಟುಕೊಳ್ಳಲೋ ಎಂದು ನಾವು ಕೇಳಲಿಲ್ಲ.

ಐದನೆಯ ದಿನ ನಮ್ಮ ಸಾಲಿನ ನಳದ ಸರದಿ. ಅಕ್ಕ ನಮ್ಮ ಬಾಗಿಲಲ್ಲಿ ಕೊಡ ತುಂಬಿಸಿದಳು. ನಾನೊಂದು ಅವಳೊಂದು ಹೊತ್ತು ಅವಳ ಮನೆಗೆ ಹೋದೆವು. ಬಾಗಿಲು ತೆರೆದಿತ್ತು. ದಾಜಿ ಸ್ಟೂಲಿನ ಮೇಲೆ ನಿಂತಿದ್ದರು. ಕಾಲ ಬಳಿ ಬಕೆಟ್ಟಿನಲ್ಲಿ ಕಲಸಿದ ಸುಣ್ಣ. ಬೆಳಗಿನ ಬಸ್ಸು ಇಳಿದವರು ಪೇಟೆಗೆ ಹೋಗಿ ಸುಣ್ಣ, ಕುಂಚ ಕೊಂಡು, ಯಾರಿಗೂ ಏನೂ ಹೇಳದೆ ಗೋಡೆಗೆ ಬಳಿಯಲು ಶುರು ಮಾಡಿದ್ದರು.

ಬಿಟ್ಟು ಹೋಗುವ ಬಾಡಿಗೆ ಮನೆಗೆ ಯಾರೂ ಸುಣ್ಣ ಬಳಿಯುವುದಿಲ್ಲ. ಅಕ್ಕ ಕೊಡವನ್ನು ಸೊಂಟದಲ್ಲೇ ಹಿಡಿದು ಕೋಣೆಯ ಸುತ್ತ ಕಣ್ಣಾಡಿಸಿದಳು. ಆಮೇಲೆ ಹೇಳಿದಳು.

“ಪಾತ್ರಿ ಹೊರಗ ಇಡಬಾರದೇನ್ರಿ ಮೊದಲ? ತಿಕ್ಕಿ ತಿಕ್ಕಿ ಕೈ ಬಿದ್ದಾವ ನಂದು. ಎಲ್ಲಾದರ ಮ್ಯಾಲ ಸಿಡ್ಸೀರಿ.”

“ಎಷ್ಟು ಬಂದವು?” ಎಂದೆ ನಾನು.

“ಪಟ್ಟಿಯಾಗ ನಂಬರ ಇತ್ತು. ನೋಡಿ ಬಂದೆ,” ಎಂದರು ದಾಜಿ.

“ನಂಬರ ಸರಿಯಾಗಿ ನೋಡೀರೇನ್ರಿ? ಕಡೀದು ಮೂರೋ ಎಂಟೋ?”

ದಾಜಿ ಕುಂಚ ನಿಲ್ಲಿಸಿ ಅಕ್ಕನ ಕಡೆ ತಿರುಗಿದರು. “ಮಾಸ್ತರ್‌ಗಿ ನಂಬಕಿ ಇಲ್ಲ. ಕಳಸು ಅವರಿಗಿ ಔರಾದಿಗಿ.”

ಹೋದೆ. ಮರುದಿನ ಅಂಗಡಿಗೆ ರಜೆ ಹೇಳಿ, ಮೊದಲ ಬಸ್ಸಿಗೇ ಹೋದೆ. ಪಟ್ಟಿಯ ಮುಂದೆ ನಿಂತು ಬೆರಳಿಟ್ಟು ಓದಿದೆ. ಅಕ್ಕನ ಸಂಖ್ಯೆ ಇತ್ತು. ಅದೇ ಜವಾನ ಗುರುತು ಹಿಡಿದು ಹತ್ತಿರ ಬಂದ.

“ಅದೇ ನಂಬರ ನೋಡ್ಲತ್ತೀರೇನ್ರಿ ಸಾಹೇಬ್ರ? ಮೊನ್ನಿ ಸಂಜಿಗೂ ಒಬ್ರು ಬಂದಿದ್ರು. ಕಾಲೆಲ್ಲ ಎರಿಮಣ್ಣು. ಅಂಗೈ ಮ್ಯಾಲ ನಂಬರ ಬರಕೊಂಡಿದ್ರು. ನೋಡಿ ಗೇಟ್ ತನಾ ಹೋದ್ರು, ತಿರುಗಿ ಬಂದು ಮತ್ತ ನೋಡಿದ್ರು. ಹಂಗೇ ಮೂರು ಸಲ. ಕಡೀಕ ನನ್ನ ಕೈಲೇ ಒದರಿ ಓದ್ಸಿದ್ರು. ನಿನ್ನಿ ಮುಂಜಾನೆ ಬಸ್ಸಿಗಿ ಹೋಗೂ ಮುಂದೂ ಗೇಟ್ ಹೊರಗಿಂದೇ ಇಣಕಿ ಹೋದ್ರು.”

ದಾಜಿಗೆ ಹೆಂಡತಿ ಕೆಲಸಕ್ಕೆ ಸೇರುವುದು ಇಷ್ಟವಿರಲಿಲ್ಲ, ನಾವು ತಮ್ಮಂದಿರು ಗೆದ್ದೆವು ಎಂದು ನಮ್ಮ ಕಡೆಯವರು ಹೇಳಿಕೊಂಡು ಬಂದಿದ್ದಾರೆ. ಜವಾನ ಹೇಳಿದ್ದನ್ನು ನಾನು ಆಗಲೂ ಹೇಳಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಈಗ ಬರೆದಿದ್ದೇನೆ. ಅಂಕಪಟ್ಟಿ ಆಮೇಲೆ ಬಂತು, ಗಣಿತದಲ್ಲಿ ನಲವತ್ತೊಂದು. ಅಕ್ಕ ಆ ಅಂಗನವಾಡಿಯಲ್ಲಿ ನಿವೃತ್ತಿಯ ತನಕ ಕಲಿಸಿದಳು. ಕುಶನೂರಿನ ಹೊಲಕ್ಕೆ ಪ್ರತಿ ಬಿತ್ತನೆಗೂ, ಪ್ರತಿ ರಾಶಿಗೂ ನಾವು ನಾಲ್ವರೂ ಹೋಗಿ ಬಂದೆವು.

ಆ ದಿನ ನಾನು ಔರಾದಿನಿಂದ ಮರಳಿ ಓಣಿಗೆ ಬಂದಾಗ ಮಧ್ಯಾಹ್ನ. ಅಕ್ಕನ ಮನೆಯ ಸಾಮಾನೆಲ್ಲ ಕಟ್ಟೆಯ ಮೇಲಿತ್ತು. ಒಳಗೆ ತಮ್ಮ ಒಂದು ಗೋಡೆ, ದಾಜಿ ಇನ್ನೊಂದು ಗೋಡೆ ಹಿಡಿದಿದ್ದರು. ಇಬ್ಬರೂ ತಲೆಯಿಂದ ಕಾಲಿನವರೆಗೆ ಬೆಳ್ಳಗಿದ್ದರು. ಅಕ್ಕ ಹೊಸ್ತಿಲ ಮೇಲೆ ಕುಳಿತು ಎಲ್ಲಿ ಬಿಟ್ಟುಹೋಗಿದೆ ಎಂದು ತೋರಿಸುತ್ತಿದ್ದಳು.

“ಏನಂತೋ, ನಂಬರ ಅಲ್ಲೇ ಅದನೋ, ನಿನ್ನ ನೋಡಿ ಓಡಿಹೋತೋ?” ಎಂದಳು.

“ಅದ,” ಎಂದೆ.

“ಹಂಗಾರ ಅಂಗಿ ಬಿಚ್ಚು. ಇನ್ನೊಂದು ಕೈ ಬಳೀಬೇಕು.”

ನಾನು ಅಂಗಿ ಬಿಚ್ಚಿ ಕಟ್ಟೆಯ ಮೇಲಿನ ಹಾಸಿಗೆ ಸುರುಳಿಯ ಮೇಲೆ ಹಾಕಿ, ಮೂರನೆಯ ಕುಂಚ ಹುಡುಕಿದೆ.